ಬಿಸಿಲಿನ ಬಳಲಿಕೆಯೂ ಮಿದುಳಿನ ಚಿತ್ರವೂ

ಕೊಯಾಲಿಯ ತೈಲ ಶುದ್ಧೀಕರಣಾಗಾರವು 1965ರ ಅಕ್ಟೋಬರಿನಲ್ಲಿ ಕಾರ್ಯಾರಂಭ ಮಾಡಿದಂದಿನಿಂದ ಜೀವಿಕೆಯನ್ನರಸಿ ವಡೋದರದ ಕಡೆಗೆ ಬಂದ ನಾನಾ ಪ್ರಾಂತಗಳ ಜನರಲ್ಲಿ ಕನ್ನಡಿಗರೂ ಸೇರಿದ್ದಾರೆ. ಬಂದವರು ಮೊದಲ ವರ್ಷದಲ್ಲಿಯೇ ಕಲಿಯುವ ಪಾಠಗಳಲ್ಲಿ ಇಲ್ಲಿನ ಬೇಸಿಗೆಯದು ದೊಡ್ಡದು. ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿಯನ್ನು ದಾಟುವುದು ಇಲ್ಲಿ ವಾರ್ತೆಯೇ ಅಲ್ಲ. ಮಧ್ಯಾಹ್ನದ ಹೊತ್ತು ಕಿಟಕಿಗಳಿಗೆ ಪರದೆ ಎಳೆದು, ಕೂಲರಿಗೆ ನೀರು ತುಂಬಿ, ಒಂದು ಲೋಟ ಛಾಸ್ ಕುಡಿದು ಮಲಗುವುದನ್ನು ಮಂಗಳೂರಿನವರೂ ಮೈಸೂರಿನವರೂ ಸಮಾನವಾಗಿ ರೂಢಿಸಿಕೊಳ್ಳುತ್ತಾರೆ. ಬಳಲಿಕೆಯೇ ಸಹಜಸ್ಥಿತಿಯಾಗಿರುವ ಇಂತಹ ಊರಿನಲ್ಲಿ ರೋಗದಿಂದ ಬಂದ ಬಳಲಿಕೆಯನ್ನು ಗುರುತಿಸುವುದು ಸುಲಭವಲ್ಲ. ಗುರುತಿಸದೆ ಹೋದಾಗ ಅದರ ಬೆಲೆಯನ್ನು ತೆರುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ ವಾಸವಾಗಿರುವ ಕನ್ನಡ ಕುಟುಂಬ, ಮೂವತ್ತರ ಆಸುಪಾಸಿನ ಸೊಸೆ, ತವರು ಬೆಂಗಳೂರು. ಚಳಿಗಾಲದಲ್ಲಿ ಆಕೆ ಮನೆಗೆಲಸ, ಮಕ್ಕಳ ಪಾಠ, ರಾಜ್ಯೋತ್ಸವದ ಓಡಾಟ ಎಲ್ಲವನ್ನೂ ನಿರ್ವಹಿಸುತ್ತಾಳೆ. ಮಾರ್ಚ್ ಕಳೆಯುತ್ತಿದ್ದಂತೆ ಒಲೆಯ ಮುಂದೆ ಹತ್ತು ನಿಮಿಷ ನಿಂತರೆ ಕಾಲು ಸೋಲುತ್ತದೆ. ಬಿಸಿನೀರಿನ ಸ್ನಾನ ಮುಗಿಸಿ ಬಂದರೆ ಒಂದು ಕಣ್ಣಿಗೆ ಮಂಜು ಕವಿಯುತ್ತದೆ. ಮಧ್ಯಾಹ್ನ ಮಲಗಿದರೆ ಎದ್ದು ಕೂರಲಾಗುವುದಿಲ್ಲ. ಅರ್ಧ ಗಂಟೆ ತಂಪಿನಲ್ಲಿ ಕುಳಿತರೆ ಕಾಲೂ ಕಣ್ಣೂ ಮೊದಲಿನಂತಾಗುತ್ತವೆ. "ಚಳಿಯಲ್ಲಿ ಇಲ್ಲದ ಕಾಯಿಲೆ ಸೆಕೆಯಲ್ಲಿ ಎಲ್ಲಿಂದ ಬಂತಮ್ಮಾ?" ಎಂದು ಅತ್ತೆ ಕೇಳುತ್ತಾರೆ. ಅತ್ತೆಯ ಪ್ರಶ್ನೆ ತರ್ಕದ ದೃಷ್ಟಿಯಿಂದ ತಪ್ಪಲ್ಲ. ಉತ್ತರ ಅವರಿಗೆ ತಿಳಿದಿಲ್ಲ, ಅಷ್ಟೆ. ಶಾಲೆಯ ರಜೆಯಲ್ಲಿ ಬೆಂಗಳೂರಿಗೆ ಹೋದ ವಾರದೊಳಗೆ ಸೊಸೆ ಲವಲವಿಕೆಯಿಂದ ಓಡಾಡತೊಡಗುತ್ತಾಳೆ. ಆಗ ಬರುವ ತೀರ್ಪು ಇನ್ನೂ ಕಠಿಣವಾದದ್ದು: ಕಾಯಿಲೆಯೂ ಇಲ್ಲ, ಕಸಾಲೆಯೂ ಇಲ್ಲ, ತವರಿನ ಹಂಬಲವೊಂದೇ ಇರುವುದು. ಬೆಂಗಳೂರಿನ ಹವೆ ಕೊಯಾಲಿಯ ಹವೆಗಿಂತ ಎಷ್ಟೋ ತಂಪೆಂಬ ಸರಳ ಸಂಗತಿಯನ್ನು ಆ ತೀರ್ಪು ನೀಡುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಸುಸ್ತೆನ್ನುವ ಪ್ರತಿಯೊಬ್ಬರಿಗೂ ನರರೋಗವಿದೆಯೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ, ಬಿ-12 ಜೀವಸತ್ವದ ಕೊರತೆ ಇವು ಎಷ್ಟೋ ಪಾಲು ಸಾಮಾನ್ಯವಾದವು. ಮೊದಲು ಪರೀಕ್ಷಿಸಬೇಕಾದವೂ ಅವೇ. ಆದರೆ ದೇಹದ ಬಿಸಿ ಏರಿದಾಗ ಕಾಣಿಸಿಕೊಂಡು, ತಂಪಾದಾಗ ಮರೆಯಾಗುವ ಕಣ್ಣಿನ ಮಬ್ಬು, ಕಾಲಿನ ನಿಶ್ಶಕ್ತಿ, ಜೋಮು ಇವುಗಳಿಗೆ ವೈದ್ಯಶಾಸ್ತ್ರದಲ್ಲಿ ಒಂದು ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಸಂಕ್ಷೇಪವಾಗಿ ಎಂ.ಎಸ್., ಎಂಬ ವ್ಯಾಧಿಯನ್ನು ಪ್ಯಾರಿಸ್ಸಿನ ಶಾರ್ಕೋ 1868ರಲ್ಲಿ ಸ್ಪಷ್ಟವಾಗಿ ವರ್ಣಿಸಿದನು. ವಿದ್ಯುತ್ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇದೆ. ಈ ವ್ಯಾಧಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಮಿದುಳು, ಮಿದುಳುಬಳ್ಳಿ ಮತ್ತು ದೃಷ್ಟಿನರಗಳ ಮಯಲಿನ್ ಹೊದಿಕೆಯನ್ನು ಅಲ್ಲಲ್ಲಿ ಕೆಡಿಸುತ್ತದೆ. ಗಾಯ ಮಾಗಿದ ಕಡೆ ಗಟ್ಟಿಯಾದ ಕಲೆ ಉಳಿಯುತ್ತದೆ. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಆರಂಭವಾಗುವ ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

1890ರಲ್ಲಿ ಜರ್ಮನಿಯ ನೇತ್ರವೈದ್ಯ ವಿಲ್‌ಹೆಲ್ಮ್ ಊಟ್‌ಹಾಫ್ ಇಂತಹ ಕೆಲವು ರೋಗಿಗಳು ಶ್ರಮಪಟ್ಟ ಬಳಿಕ ತಾತ್ಕಾಲಿಕವಾಗಿ ದೃಷ್ಟಿಯನ್ನು ಕಳೆದುಕೊಳ್ಳುವುದನ್ನು ಬರೆದಿಟ್ಟನು. ಶ್ರಮಕ್ಕಿಂತ ಶ್ರಮದಿಂದ ಏರಿದ ಬಿಸಿಯೇ ಕಾರಣವೆಂದು ಆಮೇಲೆ ತಿಳಿದುಬಂತು. ಹೊದಿಕೆ ಕಳೆದುಕೊಂಡ ನರತಂತು ತಂಪಿನಲ್ಲಿ ಹೇಗೋ ಸಂದೇಶವನ್ನು ದಾಟಿಸುತ್ತದೆ. ದೇಹದ ಒಳಬಿಸಿ ಅರ್ಧ ಡಿಗ್ರಿಯಷ್ಟು ಏರಿದರೂ ಕೆಲವು ತಂತುಗಳಲ್ಲಿ ಸಂದೇಶ ನಿಂತುಬಿಡುತ್ತದೆ. ಮಿದುಳಿನ ಚಿತ್ರ ತೆಗೆಯುವ ಯಂತ್ರಗಳಿಲ್ಲದ ಕಾಲದಲ್ಲಿ ವೈದ್ಯರು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣಗಳು ಹೆಚ್ಚುತ್ತವೆಯೇ ಎಂದು ನೋಡಿ ರೋಗವನ್ನು ನಿರ್ಣಯಿಸುತ್ತಿದ್ದುದೂ ಉಂಟು. ಗುಜರಾತಿನ ಮೇ ತಿಂಗಳು ಆ ತೊಟ್ಟಿಯ ಕೆಲಸವನ್ನು ಯಾರೂ ಹೇಳದೆಯೇ ಮಾಡುತ್ತದೆ.

ಇಷ್ಟಕ್ಕೆ ವಿಷಯ ಮುಗಿಯುವುದಿಲ್ಲ. ದೇಹದ ಬಿಸಿಯನ್ನು ಹದದಲ್ಲಿಡುವ ಅಂಗಕ್ಕೇ ಗಾಯವಾದರೆ ಏನಾಗಬೇಕು? ಮಿದುಳಿನ ತಳದಲ್ಲಿ, ಪಿಟ್ಯುಟರಿ ಗ್ರಂಥಿಯ ಮೇಲೆ, ಹೈಪೊಥಲಮಸ್ ಎಂಬ ಭಾಗವಿದೆ. ಗಾತ್ರ ಒಂದು ಬಾದಾಮಿಯಷ್ಟು. ತೂಕ ಸುಮಾರು 4 ಗ್ರಾಂ. 1,300 ಗ್ರಾಂಗೂ ಮಿಕ್ಕಿದ ಮಿದುಳಿನಲ್ಲಿ ಇದು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಆದರೆ ಇದರ ಅಧಿಕಾರ ವ್ಯಾಪಕವಾದದ್ದು. ಬೆವರಬೇಕೇ ನಡುಗಬೇಕೇ ಎಂಬುದು ಇದರ ತೀರ್ಮಾನ. ಹಸಿವು, ಬಾಯಾರಿಕೆ, ನಿದ್ರೆ, ಎಚ್ಚರಗಳು ಇದರ ಅಧೀನ. ಪಿಟ್ಯುಟರಿಯ ಮೂಲಕ ಥೈರಾಯ್ಡ್, ಅಡ್ರಿನಲ್ ಮೊದಲಾದ ನಿರ್ನಾಳ ಗ್ರಂಥಿಗಳಿಗೆ ಅಪ್ಪಣೆ ಹೋಗುವುದೂ ಇಲ್ಲಿಂದಲೇ. ಇದರ ಮಗ್ಗುಲಿನಲ್ಲಿಯೇ ಮೂರನೆಯ ಕುಹರ ಎಂಬ ದ್ರವ ತುಂಬಿದ ಪೊಳ್ಳು ಇದೆ. ಎಂ.ಎಸ್. ಗಾಯಗಳು ಇಂತಹ ಕುಹರಗಳ ಅಂಚಿನಲ್ಲಿ ಹುಟ್ಟುವುದನ್ನು ಇಷ್ಟಪಡುತ್ತವೆ ಎನ್ನಬಹುದು.

ಆದ್ದರಿಂದ ಹೈಪೊಥಲಮಸ್ ಈ ರೋಗದಿಂದ ಪಾರಾಗುವುದೆಂದು ನಿರೀಕ್ಷಿಸಲು ಆಧಾರವಿರಲಿಲ್ಲ, ಪಾರಾಗಿಯೂ ಇಲ್ಲ. ನೆದರ್ಲೆಂಡಿನಲ್ಲಿ ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಪರೀಕ್ಷಿಸಿದ ಸಂಶೋಧಕರು, ಎಂ.ಎಸ್. ರೋಗಿಗಳಲ್ಲಿ ಬಹುತೇಕರ ಹೈಪೊಥಲಮಸ್‌ನಲ್ಲಿ ಗಾಯಗಳಿದ್ದುದನ್ನು ಕಂಡರು. 2004ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ, ಅಲ್ಲಿ ಸಕ್ರಿಯ ಗಾಯಗಳು ಹೆಚ್ಚಾಗಿದ್ದವರಲ್ಲಿ ಕಾಯಿಲೆಯೂ ಹೆಚ್ಚು ಉಗ್ರವಾಗಿತ್ತು. ಎಂ.ಎಸ್. ರೋಗಿಗಳಲ್ಲಿ ಕೆಲವರ ದೇಹದ ಬಿಸಿ ಕಾರಣವಿಲ್ಲದೆ ಅಪಾಯಕರವಾಗಿ ಇಳಿಯುವುದನ್ನು 1996ರಲ್ಲಿ ಇಂಗ್ಲೆಂಡಿನ ವೈದ್ಯರು ವರದಿ ಮಾಡಿದರು. 2014ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದು ಇದಕ್ಕೆ ವಿರುದ್ಧ ದಿಕ್ಕಿನದು: ವಿಶ್ರಾಂತಿಯಲ್ಲಿರುವಾಗಲೂ ರೋಗಿಗಳ ದೇಹದ ಬಿಸಿ ಆರೋಗ್ಯವಂತರದಕ್ಕಿಂತ ತುಸು ಮೇಲಿರುತ್ತದೆ, ಬಿಸಿ ಹೆಚ್ಚಿದ್ದಷ್ಟೂ ಬಳಲಿಕೆಯೂ ಹೆಚ್ಚು. ಈ ವ್ಯತ್ಯಾಸ ಜ್ವರವೆನಿಸಿಕೊಳ್ಳುವಷ್ಟಿಲ್ಲ. ಮನೆಯ ಥರ್ಮಾಮೀಟರಿನಲ್ಲಿ ಅದು ಯಾರ ಗಮನಕ್ಕೂ ಬಾರದು. ಬಳಲಿಕೆಗೆ ಹೈಪೊಥಲಮಸ್ ಒಂದೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಆ ಬಳಲಿಕೆ ದೇಹದಲ್ಲಿದೆ, ಸ್ವಭಾವದಲ್ಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಚಿತ್ರ ತೆಗೆದು ನೋಡಿಬಿಡಬಾರದೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. 1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು ಎಂ.ಎಸ್. ರೋಗಿಗಳ ಮಿದುಳಿನ ಕಾಂತೀಯ ಅನುರಣನ ಚಿತ್ರಗಳನ್ನು ಪ್ರಕಟಿಸಿದಾಗ, ಅಲ್ಲಿಯವರೆಗಿನ ಸಿ.ಟಿ. ಯಂತ್ರಕ್ಕೆ ಕಾಣದಿದ್ದ ಎಷ್ಟೋ ಗಾಯಗಳು ಕಣ್ಣಿಗೆ ಬಿದ್ದವು. ಈಗ ಎಂ.ಆರ್.ಐ. ಎಂಬ ಮೂರಕ್ಷರ ಮನೆಮಾತಾಗಿದೆ. ವಡೋದರ, ಅಹಮದಾಬಾದ್, ಸೂರತ್ ನಗರಗಳಲ್ಲಿ ಈ ಯಂತ್ರಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಅದರ ಮಿತಿಯ ಅರಿವಿಗೆ. ಸಾಮಾನ್ಯ ಪರೀಕ್ಷೆಯಲ್ಲಿ ಮಿದುಳನ್ನು ಹಲವು ಮಿಲಿಮೀಟರ್ ದಪ್ಪದ ಹೋಳುಗಳಾಗಿ ಚಿತ್ರಿಸುತ್ತಾರೆ. ಬಾದಾಮಿಯಷ್ಟಿರುವ ಅಂಗ ಎರಡು ಮೂರು ಹೋಳುಗಳಲ್ಲಿ ಮುಗಿದುಹೋಗುತ್ತದೆ. ಅದರೊಳಗಿನ ಸಾಸಿವೆಯಷ್ಟು ಗಾಯ ಎರಡು ಹೋಳುಗಳ ನಡುವೆ ಜಾರಿಬಿಡಬಹುದು. ಪಕ್ಕದ ಕುಹರದಲ್ಲಿ ದ್ರವ ಮಿಡಿಯುತ್ತಿರುತ್ತದೆ. ಕೆಳಗಡೆ ಮೂಳೆಯೂ ಗಾಳಿ ತುಂಬಿದ ಪೊಳ್ಳುಗಳೂ ಇವೆ. ಇವೆಲ್ಲವೂ ಚಿತ್ರವನ್ನು ಕದಡುತ್ತವೆ. ಶವಪರೀಕ್ಷೆಯಲ್ಲಿ ಬಹುತೇಕರಲ್ಲಿ ಕಂಡ ಗಾಯ, ಬದುಕಿರುವವರ ಎಂ.ಆರ್.ಐ.ಯಲ್ಲಿ ಅಲ್ಪಸಂಖ್ಯೆಯ ರೋಗಿಗಳಲ್ಲಿ ಮಾತ್ರ ಕಾಣಿಸುವುದಕ್ಕೆ ಇದೇ ಮುಖ್ಯ ಕಾರಣ. 3 ಟೆಸ್ಲಾ ಶಕ್ತಿಯ ಯಂತ್ರ, ತೆಳುವಾದ ಹೋಳು, ಆ ಜಾಗವನ್ನೇ ನೋಡಿ ಎಂಬ ವೈದ್ಯರ ಸ್ಪಷ್ಟ ಸೂಚನೆ, ಇಷ್ಟೂ ಕೂಡಿದಾಗ ಕಾಣುವ ಸಂಭವ ಹೆಚ್ಚುತ್ತದೆ. 'ಬ್ರೈನ್ ಎಂ.ಆರ್.ಐ.' ಎಂದಷ್ಟೇ ಬರೆದ ಚೀಟಿಯಿಂದ ಅಷ್ಟನ್ನು ಅಪೇಕ್ಷಿಸಲಾಗದು.

ಇಲ್ಲಿಯೇ ಒಂದು ಅನ್ಯಾಯ ನಡೆಯುತ್ತದೆ. ಸಾವಿರಾರು ರೂಪಾಯಿ ತೆತ್ತು ತಂದ ವರದಿಯಲ್ಲಿ 'ನಾರ್ಮಲ್' ಎಂಬ ಪದ ಕಂಡೊಡನೆ ಮನೆಯವರು ಅದನ್ನು ನ್ಯಾಯಾಲಯದ ತೀರ್ಪೆಂದು ಭಾವಿಸುತ್ತಾರೆ. ರೋಗಿ ಅಪರಾಧಿಯಾಗುತ್ತಾಳೆ. ವಾಸ್ತವವಾಗಿ ಆ ಪದದ ಅರ್ಥ ಇಷ್ಟೆ: ಈ ಯಂತ್ರದಿಂದ, ಈ ಬಗೆಯ ಹೋಳುಗಳಲ್ಲಿ, ಈ ದಿನ ನೋಡಿದಾಗ, ಏನೂ ಕಾಣಲಿಲ್ಲ. ಎಂ.ಎಸ್. ಈಗಾಗಲೇ ನಿರ್ಣಯವಾಗಿರುವವರಲ್ಲಿಯೂ 'ಹೊಸ ಗಾಯವಿಲ್ಲ' ಎಂಬ ವರದಿ ಬಂದಾಗ ಬಳಲಿಕೆ ಸುಳ್ಳಾಗುವುದಿಲ್ಲ. ಚಿತ್ರದಲ್ಲಿನ ಬಿಳಿಚುಕ್ಕೆಗಳ ಸಂಖ್ಯೆಗೂ ರೋಗಿ ಅನುಭವಿಸುವ ಸುಸ್ತಿಗೂ ನಿಕಟವಾದ ಹೊಂದಾಣಿಕೆಯಿಲ್ಲವೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ವಿಷಯ. ಇದರ ಇನ್ನೊಂದು ಮಗ್ಗುಲೂ ಇದೆ. ವಯಸ್ಸು, ರಕ್ತದೊತ್ತಡ, ಅರೆತಲೆನೋವು ಇವುಗಳಿಂದಲೂ ಮಿದುಳಿನಲ್ಲಿ ಬಿಳಿಚುಕ್ಕೆಗಳು ಕಾಣುತ್ತವೆ. ತಲೆನೋವಿಗಾಗಿ ಚಿತ್ರ ತೆಗೆಸಿ, ನಾಲ್ಕು ಚುಕ್ಕೆ ಕಂಡು, ಎಂ.ಎಸ್. ಬಂದಿತೆಂದು ಕಂಗೆಡುವವರೂ ಇದ್ದಾರೆ. ಚಿತ್ರವನ್ನು ಲಕ್ಷಣಗಳೊಡನೆ ಇಟ್ಟು ಓದಬೇಕು. ಲಕ್ಷಣಗಳನ್ನು ಬಿಟ್ಟು ಓದಿದ ಚಿತ್ರ, ಜಾತಕವನ್ನು ಮುಂದಿಟ್ಟುಕೊಂಡು ವರನನ್ನು ನೋಡದೆ ಮಾಡಿದ ಮದುವೆಯಂತೆ.

ಹೈಪೊಥಲಮಸ್‌ನಲ್ಲಿ ಗಾಯ ಕಂಡಿತೆಂದೇ ಇಟ್ಟುಕೊಳ್ಳೋಣ. ಆಗ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಭಾರತೀಯರ ಮಟ್ಟಿಗೆ ಅದು ಬಹಳ ಮುಖ್ಯವಾದದ್ದು. ಇದು ನಿಜವಾಗಿ ಎಂ.ಎಸ್. ಹೌದೇ? ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ ಇನ್ನೊಂದು ವ್ಯಾಧಿ ಬಹುಕಾಲ ಎಂ.ಎಸ್.ನ ವೇಷದಲ್ಲಿಯೇ ತಿರುಗುತ್ತಿತ್ತು. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನವರು ಈ ವ್ಯಾಧಿಯವರ ರಕ್ತದಲ್ಲಿ ಒಂದು ವಿಶಿಷ್ಟ ಪ್ರತಿಕಾಯವನ್ನು ಗುರುತಿಸಿದರು. ಅದರ ಗುರಿ ಅಕ್ವಪೊರಿನ್-4 ಎಂಬ, ಜೀವಕೋಶಗಳಲ್ಲಿ ನೀರಿನ ಸಂಚಾರಕ್ಕೆ ದಾರಿಯಾಗುವ ಪ್ರೋಟೀನ್ ಎಂದು ಮರುವರ್ಷ ತಿಳಿಯಿತು. ಈ ಪ್ರೋಟೀನ್ ಹೇರಳವಾಗಿರುವ ಸ್ಥಳಗಳಲ್ಲಿ ಹೈಪೊಥಲಮಸ್ ಒಂದು. ಆದ್ದರಿಂದಲೇ ಈ ವ್ಯಾಧಿಯಲ್ಲಿ ಕೆಲವರಿಗೆ ಹಗಲೆಲ್ಲ ತಡೆಯಲಾಗದ ನಿದ್ರೆ ಬರುತ್ತದೆ. ಎಚ್ಚರವನ್ನು ಕಾಯುವ ಒರೆಕ್ಸಿನ್ ಎಂಬ ರಾಸಾಯನಿಕವು ಹೈಪೊಥಲಮಸ್‌ನ ಜೀವಕೋಶಗಳಿಂದ ಬರುತ್ತದೆ. ಇಂತಹ ರೋಗಿಗಳ ಮಿದುಳುದ್ರವದಲ್ಲಿ ಅದು ಕುಸಿದಿದ್ದುದನ್ನು ಜಪಾನಿನ ವೈದ್ಯರು 2009ರಲ್ಲಿ ವರದಿ ಮಾಡಿದರು. ಮಿದುಳಿನ ಇನ್ನೊಂದು ಭಾಗಕ್ಕೆ ಗಾಯವಾದರೆ ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ, ವಾಂತಿ. ಹೊಟ್ಟೆಯ ವೈದ್ಯರ ಬಳಿ ಅಲೆದಾಡಿ ತಿಂಗಳುಗಳನ್ನು ಕಳೆಯುವುದು ಇಂತಹವರ ಪಾಡು. 2015ರ ಅಂತರರಾಷ್ಟ್ರೀಯ ಸೂತ್ರಗಳು ಹೈಪೊಥಲಮಸ್ ಪ್ರದೇಶದ ಗಾಯವನ್ನೂ ನಿದ್ರಾರೋಗವನ್ನೂ ಈ ವ್ಯಾಧಿಯ ಮುಖ್ಯ ಚಹರೆಗಳಲ್ಲಿ ಸೇರಿಸಿವೆ.

ಎರಡನ್ನೂ ಬೇರ್ಪಡಿಸುವುದು ಪಂಡಿತರ ವಾದಕ್ಕೆ ಸೀಮಿತವಾದ ವಿಷಯವಲ್ಲ. ಎಂ.ಎಸ್.ಗೆ ಒಳಿತು ಮಾಡುವ ಇಂಟರ್‌ಫೆರಾನ್ ಬೀಟಾ, ಫಿಂಗೊಲಿಮಾಡ್, ನಟಾಲಿಜುಮಾಬ್ ಔಷಧಿಗಳು ನ್ಯೂರೋಮಯಲೈಟಿಸ್ ಆಪ್ಟಿಕಾವನ್ನು ಕೆರಳಿಸಬಲ್ಲವು. ಕಣ್ಣೋ ಕಾಲೋ ಶಾಶ್ವತವಾಗಿ ಹೋಗುವುದಕ್ಕೆ ಒಂದು ತೀವ್ರ ಆಕ್ರಮಣ ಸಾಕು.

ಈ ವಿಷಯದಲ್ಲಿ ಕನ್ನಡನಾಡಿನದೇ ಒಂದು ಕೆಲಸವನ್ನು ಇಲ್ಲಿ ಸ್ಮರಿಸಬೇಕು. ಭಾರತದಲ್ಲಿ ಎಂ.ಎಸ್. ಅತಿ ವಿರಳ, ಲಕ್ಷಕ್ಕೆ ಒಬ್ಬರೋ ಇಬ್ಬರೋ ಎಂಬ ಅಂದಾಜು ಬಹುಕಾಲ ಪ್ರಚಲಿತವಾಗಿತ್ತು. ಅದಕ್ಕೆ ಅಪವಾದವೆಂದು ತೋರಿದವರು ಪಾರ್ಸಿಗಳು. ಗುಜರಾತಿನ ಕರಾವಳಿಯಲ್ಲಿ ನೆಲೆ ಕಂಡು ಅಲ್ಲಿಂದ ಮುಂಬಯಿಗೆ ಹಬ್ಬಿದ ಈ ಜನಾಂಗದಲ್ಲಿ ಲಕ್ಷಕ್ಕೆ 20ಕ್ಕೂ ಮೇಲ್ಪಟ್ಟು ರೋಗಿಗಳಿರುವುದನ್ನು ಮುಂಬಯಿಯ ಡಾ. ನೋಶಿರ್ ವಾಡಿಯಾ 1990ರಲ್ಲಿ ಪ್ರಕಟಿಸಿದರು. ಬೇರೆಯವರ ಮಟ್ಟಿಗೆ ಹಳೆಯ ಅಂದಾಜೇ ನಿಂತಿತ್ತು. ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ಡಾ. ಲೇಖಾ ಪಂಡಿತ್ ಮತ್ತು ಅವರ ಸಹೋದ್ಯೋಗಿಗಳು ಮಂಗಳೂರು ನಗರದಲ್ಲಿ ಎಣಿಕೆ ನಡೆಸಿ 2014ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಆಗಿತ್ತು: ಎಂ.ಎಸ್. ಲಕ್ಷಕ್ಕೆ ಸುಮಾರು 8. ನ್ಯೂರೋಮಯಲೈಟಿಸ್ ಆಪ್ಟಿಕಾ ಲಕ್ಷಕ್ಕೆ 2ರಿಂದ 3. ಅಂದರೆ ಮೂವರು ಎಂ.ಎಸ್. ರೋಗಿಗಳಿಗೆ ಒಬ್ಬರಂತೆ ಈ ಇನ್ನೊಂದು ವ್ಯಾಧಿಯವರು. ಯುರೋಪಿನಲ್ಲಿ ಈ ಪ್ರಮಾಣ ಕಾಣದು, ಅಲ್ಲಿ ಎಂ.ಎಸ್. ಬಲು ಹೆಚ್ಚು, ಇದು ಬಲು ಕಡಿಮೆ. ಪಾಶ್ಚಾತ್ಯ ಪಠ್ಯಪುಸ್ತಕದ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ಹೊಂದಿಸಲಾಗದೆಂಬುದನ್ನು ಮಂಗಳೂರಿನ ಎಣಿಕೆ ತೋರಿಸಿಕೊಟ್ಟಿತು. ಕರಾವಳಿಯ ಹೋಟೆಲು ಉದ್ಯಮಿಗಳ ಸಾಹಸದ ಕಥೆ ಇಂತಹ ಸಂಚಿಕೆಗಳಲ್ಲಿ ಹಲವು ಬಾರಿ ಬಂದಿದೆ. ಅದೇ ಕರಾವಳಿಯ ಈ ವಿದ್ವತ್ ಸಾಹಸಕ್ಕೂ ಒಂದು ಪುಟ ಸಲ್ಲಬೇಕು.

ಹೊರನಾಡಿನಲ್ಲಿರುವವರಿಗೆ ವಿಶೇಷವಾದ ಎರಡು ತೊಡಕುಗಳಿವೆ. ಮೊದಲನೆಯದು ಭಾಷೆಯದು. ಕನ್ನಡದಲ್ಲಿ ಸುಸ್ತು, ದಣಿವು, ಬಳಲಿಕೆ, ನಿಶ್ಶಕ್ತಿ, ಜೋಮು, ತೂಕಡಿಕೆ ಇವು ಬೇರೆ ಬೇರೆ ಅನುಭವಗಳು. ಇಲ್ಲಿನ ವೈದ್ಯರ ಮುಂದೆ ಕುಳಿತಾಗ ಇವೆಲ್ಲವೂ ಹಿಂದಿಯ 'ಕಮ್ಜೋರಿ' ಎಂಬ ಒಂದೇ ಪದದಲ್ಲಿ ಅಡಗಿಹೋಗುತ್ತವೆ. ಕಮ್ಜೋರಿಗೆ ಸಿಗುವುದು ಟಾನಿಕ್ಕು, ಬಿ-ಕಾಂಪ್ಲೆಕ್ಸ್ ಗುಳಿಗೆ. ವೈದ್ಯರನ್ನು ದೂರಿ ಪ್ರಯೋಜನವಿಲ್ಲ. ಅವರಿಗೆ ದೊರೆತ ಸಾಕ್ಷ್ಯ ಅಷ್ಟೇ. ಕಾಲು ಎತ್ತಲಾಗುವುದಿಲ್ಲವೋ, ಎತ್ತಬಹುದಾದರೂ ಮನಸ್ಸಿಲ್ಲವೋ, ನಿದ್ರೆ ತಡೆಯಲಾಗುವುದಿಲ್ಲವೋ, ಒಂದೇ ಕಣ್ಣೋ ಎರಡೋ, ಯಾವ ಹೊತ್ತಿನಲ್ಲಿ, ಸ್ನಾನದ ಮುಂಚೆಯೋ ಆಮೇಲೋ, ಎಷ್ಟು ನಿಮಿಷದಲ್ಲಿ ಸರಿಹೋಗುತ್ತದೆ, ಬೆವರು ಬರುತ್ತದೆಯೇ ಇಲ್ಲವೇ, ಇಷ್ಟನ್ನು ಮನೆಯಲ್ಲಿಯೇ ಕನ್ನಡದಲ್ಲಿ ಬರೆದುಕೊಂಡು, ಹಿಂದಿ ಗುಜರಾತಿ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಂದು ಎಂ.ಆರ್.ಐ.ಗಿಂತ ಹೆಚ್ಚಿನ ಬೆಳಕನ್ನು ಕೊಟ್ಟೀತು. ಗಂಡನೇ ಜೊತೆಗೆ ಹೋಗಬೇಕೆಂದಿಲ್ಲ. ಗಂಡ ಬಾಯಿ ತೆರೆದರೆ ರೋಗಿಗೆ ಮಾತನಾಡುವ ಸರದಿ ಬಾರದಿರುವುದೂ ಉಂಟು.

ಎರಡನೆಯದು ಕಾಗದಪತ್ರಗಳದು. ಮೊದಲ ಚಿತ್ರ ವಡೋದರದಲ್ಲಿ, ಎರಡನೆಯದು ರಜೆಗೆ ಹೋದಾಗ ಮಣಿಪಾಲದಲ್ಲಿ, ಮೂರನೆಯದು ಭಾವನವರ ಒತ್ತಾಯದ ಮೇರೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಫಿಲ್ಮುಗಳು ಮೂರು ಊರುಗಳ ಮೂರು ಬೀರುಗಳಲ್ಲಿ. ಎಂ.ಎಸ್. ನಿರ್ಣಯದ ಮುಖ್ಯ ತತ್ವವೇ ಗಾಯಗಳು ಬೇರೆ ಬೇರೆ ಸ್ಥಳಗಳಲ್ಲಿ, ಬೇರೆ ಬೇರೆ ಕಾಲಗಳಲ್ಲಿ ಆದುವೆಂದು ತೋರಿಸುವುದು. ಹಳೆಯ ಚಿತ್ರವನ್ನು ಹೊಸದರ ಪಕ್ಕದಲ್ಲಿಟ್ಟು ನೋಡದೆ ಅದು ಸಾಧ್ಯವಾಗುವುದೆಂತು? ವರದಿಯ ಹಾಳೆಯೊಂದಿದ್ದರೆ ಸಾಲದು, ಚಿತ್ರಗಳ ಸಿ.ಡಿ.ಯೂ ಬೇಕು. ಮನೆಪತ್ರಗಳನ್ನು ಕಾಪಾಡುವಷ್ಟು ಜಾಗರೂಕತೆಯಿಂದ ಇವನ್ನೂ ಒಂದೇ ಕಡೆ ಕಾಪಾಡಬೇಕು.

2010ರ ಮೇ ತಿಂಗಳಿನಲ್ಲಿ ಅಹಮದಾಬಾದಿನ ತಾಪಮಾನ 46.8 ಡಿಗ್ರಿಗೆ ಏರಿ ಸಾವುಗಳ ಸಂಖ್ಯೆ ಭಯಂಕರವಾಗಿ ಹೆಚ್ಚಿದ ಬಳಿಕ, ಆ ನಗರದ ಮಹಾನಗರಪಾಲಿಕೆ 2013ರಲ್ಲಿ ಬಿಸಿಲಿನ ಎಚ್ಚರಿಕೆಯ ಯೋಜನೆಯೊಂದನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲಿಯೇ ಇದು ಮೊದಲನೆಯದೆಂಬ ಹೆಸರು ಪಡೆದಿದೆ. ಬಿಸಿಲು ಜನರನ್ನು ಸಮಾನವಾಗಿ ಬಾಧಿಸುವುದಿಲ್ಲವೆಂಬುದನ್ನು ಒಂದು ನಗರಾಡಳಿತ ಒಪ್ಪಿಕೊಂಡಿರುವಾಗ ಒಂದು ಮನೆ ಒಪ್ಪಿಕೊಳ್ಳುವುದು ಕಷ್ಟವಾಗಬಾರದು. ಮಾಡಬೇಕಾದುದು ದೊಡ್ಡದೇನಲ್ಲ. ಅಡಿಗೆಯನ್ನು ಬೆಳಗಿನ ಏಳರೊಳಗೆ ಮುಗಿಸುವುದು, ಅಡಿಗೆಮನೆಗೊಂದು ಫ್ಯಾನು, ಬೇಸಿಗೆಯಲ್ಲಿ ತಣ್ಣೀರ ಸ್ನಾನ, ಹೊರಗೆ ಹೋಗುವಾಗ ಕೊರಳಿಗೆ ಒದ್ದೆ ಬಟ್ಟೆ. ಬಿಸಿಯಿಂದ ಹೆಚ್ಚುವ ಲಕ್ಷಣಗಳು ಹೊಸ ಗಾಯವನ್ನು ಮಾಡುವುದಿಲ್ಲ, ತಂಪಾದಾಗ ಹಿಂದಿರುಗುತ್ತವೆ ಎಂಬುದನ್ನು ರೋಗಿಗೂ ಮನೆಯವರಿಗೂ ತಿಳಿಸಿದರೆ ಅರ್ಧ ಭಯ ಕಡಿಮೆಯಾಗುತ್ತದೆ. ತಂಪಾದ ಮೇಲೂ ಒಂದು ದಿನಕ್ಕಿಂತ ಹೆಚ್ಚು ಉಳಿದ ಲಕ್ಷಣವನ್ನು ಮಾತ್ರ ಬಿಸಿಲಿನ ತಲೆಗೆ ಕಟ್ಟದೆ ಕೂಡಲೇ ವೈದ್ಯರಿಗೆ ತೋರಿಸಬೇಕು.

2016ರ ವಿಕಲಾಂಗರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿಸಲ್ಪಟ್ಟಿದೆ. ಕಾಯಿದೆಯ ಹಲವು ಸೌಲಭ್ಯಗಳಿಗೆ 40 ಶೇಕಡಾ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಕಾಲಿನ ಶಕ್ತಿಯನ್ನು ಅಳೆಯುವಷ್ಟು ಸುಲಭವಾಗಿ ಬಳಲಿಕೆಯನ್ನು ಅಳೆಯಲಾಗದೆಂಬ ತೊಂದರೆ ಇದ್ದೇ ಇದೆ. ಆದರೂ ಅರ್ಜಿ ಹಾಕದೆ ಕೂರುವುದಕ್ಕೆ ಅದು ಕಾರಣವಾಗಬೇಕಿಲ್ಲ. ಅದಕ್ಕೂ ಮೊದಲು, ದೀರ್ಘಕಾಲದ ಔಷಧಿಯನ್ನು ಆರಂಭಿಸುವ ಮುನ್ನ, ಅಕ್ವಪೊರಿನ್-4 ಪ್ರತಿಕಾಯದ ಪರೀಕ್ಷೆ ಆಗಿದೆಯೇ ಎಂದು ನರರೋಗತಜ್ಞರನ್ನು ವಿನಯದಿಂದ ಕೇಳಬಹುದು. ಅದಕ್ಕೆ ಬೇಕಾದುದು ಸ್ವಲ್ಪ ರಕ್ತ. ಮಾದರಿಯನ್ನು ಪರವೂರಿನ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಅದಕ್ಕಾಗಿ ರೋಗಿ ಬೇಸಿಗೆಯಲ್ಲಿ ರೈಲು ಹತ್ತಬೇಕಾಗಿಲ್ಲ.